ಕೊಡಗಿನಲ್ಲಿ ಕಾರು ಮಾಡಿಕೊಂಡು ಒಂದು ದಿನದ ತೀರ್ಥಯಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರ್ನಾಡಿನ ಹತ್ತಿರ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಎರಡೇ ಕೋಣೆ, ಸುತ್ತ ಕಾಫಿ ತೋಟ. ನಾನು ಹುಟ್ಟಿದ್ದು ಸೋಮವಾರಪೇಟೆ ಕಡೆ, ಮದುವೆಯಾಗಿ ಬಂದದ್ದು ಇಲ್ಲಿಗೆ. ಬಂದು ಉಳಿಯುವವರಲ್ಲಿ ಅರ್ಧದಷ್ಟು ಜನ ಜಲಪಾತ ನೋಡಲು ಬರುತ್ತಾರೆ. ಉಳಿದವರು ಅಪ್ಪ ಅಮ್ಮನನ್ನು ಕರೆದುಕೊಂಡು ತಲಕಾವೇರಿಗೆ ಬರುವವರು. ರಾತ್ರಿ ಊಟ ಮುಗಿದ ಮೇಲೆ ಇವರ ಪ್ರಶ್ನೆ ಶುರುವಾಗುತ್ತದೆ. "ಅಕ್ಕಾ, ನಾಳೆ ಒಂದು ಕಾರು ಮಾಡ್ಕೊಂಡು ಎಲ್ಲಾ ನೋಡಿ ಬರಬಹುದಾ?" ವರ್ಷಗಟ್ಟಲೆ ಹೇಳಿದ್ದನ್ನೇ ಹೇಳಿ ಬಾಯಿ ಒಣಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಒಂದೇ ದಿನದಲ್ಲಿ ಎಷ್ಟು ಕ್ಷೇತ್ರ ನೋಡಬಹುದು?

ಸಮಾಧಾನವಾಗಿ ಮೂರು. ಓಡಿಕೊಂಡು ನೋಡಿದರೆ ನಾಲ್ಕು. ಐದು ಅಂತ ಯಾರಾದರೂ ಪಟ್ಟಿ ಕೊಟ್ಟರೆ ಅವರು ನಕ್ಷೆ ನೋಡಿದ್ದಾರೆ, ರಸ್ತೆ ನೋಡಿಲ್ಲ ಅಂತ ತಿಳಿಯಿರಿ.

ಕೊಡಗಿನ ದಾರಿಯಲ್ಲಿ 40 ಕಿಲೋಮೀಟರ್ ಅಂದರೆ ಒಂದು ಗಂಟೆಗಿಂತ ಜಾಸ್ತಿ. ತಿರುವು, ಮಂಜು, ಎದುರಿಗೆ ಬಸ್ಸು, ನಡುನಡುವೆ ತೋಟದ ಟ್ರ್ಯಾಕ್ಟರು. ಅದರ ಜೊತೆಗೆ ಮಧ್ಯಾಹ್ನ ಗುಡಿಗಳ ಬಾಗಿಲು ಹಾಕುತ್ತಾರೆ. ಆಮೇಲೆ ತೆರೆಯುವುದು ಸಂಜೆಗೇ. ನಿಮ್ಮ ದಿನವನ್ನು ಅಳೆಯುವುದು ದೂರ ಅಲ್ಲ, ಈ ಬಾಗಿಲು.

ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಒಂದು ದಿನಕ್ಕೆ ಒಂದು ದಿಕ್ಕು. ಪಡುವಣಕ್ಕೆ ಹೋದರೆ ಭಾಗಮಂಡಲ, ತಲಕಾವೇರಿ, ಪಾಡಿ ಊರಿನ ಇಗ್ಗುತಪ್ಪ ದೇವರ ಗುಡಿ. ತೆಂಕಣಕ್ಕೆ ಹೋದರೆ ಇರ್ಪು, ಬೇಕಿದ್ದರೆ ಗಡಿ ದಾಟಿ ತಿರುನೆಲ್ಲಿ. ಮೂಡಣಕ್ಕೆ ಹೋದರೆ ಕುಶಾಲನಗರ, ಬೈಲುಕುಪ್ಪೆ. ಎರಡು ದಿಕ್ಕನ್ನು ಒಂದೇ ದಿನಕ್ಕೆ ಹೊಲಿಯಲು ಹೋಗಬೇಡಿ.

ಹಾಸನದ ಕಡೆಯ ಒಂದು ಕುಟುಂಬ ನನ್ನ ಮಾತು ಕೇಳದೆ ಐದು ಊರಿನ ಚೀಟಿ ಹಿಡಿದು ಹೊರಟಿತ್ತು. ಪಾಡಿ ತಲುಪಿದಾಗ ಮಧ್ಯಾಹ್ನ ಎರಡು ದಾಟಿತ್ತು. ಬಾಗಿಲು ಹಾಕಿತ್ತು. ಅವರ ಜೊತೆಗಿದ್ದ ಅಜ್ಜಿ ಮೆಟ್ಟಿಲ ಮೇಲೆ ಕೂತು, ತಂದಿದ್ದ ಅಕ್ಕಿಯ ಗಂಟನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರಂತೆ. ಮಾರನೇ ದಿನ ಬೆಳಿಗ್ಗೆ ಅವರಿಗಾಗಿ ಮತ್ತೆ ಕಾರು ಮಾಡಿದರು. ಎರಡು ಬಾಡಿಗೆ ಬಿತ್ತು.

ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಆಗಬಹುದಾ?

ಬೇಡ. ಮಡಿಕೇರಿಗೇ ಸುಮಾರು 260 ಕಿ.ಮೀ. ಇದೆ, ಅಲ್ಲಿಂದ ತಲಕಾವೇರಿಗೆ ಇನ್ನೂ 48. ಹೋಗಿ ಬರುವುದರಲ್ಲೇ 600 ಕಿ.ಮೀ. ದಾಟುತ್ತದೆ. ಡ್ರೈವರ್ ಕೂಡ ಮನುಷ್ಯನೇ ಅಲ್ವಾ?

ಮೈಸೂರಿನಿಂದಾದರೆ ಆಗುತ್ತದೆ. ಮಡಿಕೇರಿಗೆ 120 ಕಿ.ಮೀ. ಬೆಳಗಿನ ಐದಕ್ಕೇ ಹೊರಡಬೇಕು, ಭಾಗಮಂಡಲ ಮತ್ತು ತಲಕಾವೇರಿ ಎರಡಕ್ಕೇ ತೃಪ್ತಿಪಡಬೇಕು. ಕೊಡಗಿಗೆ ರೈಲು ಇಲ್ಲ. ರೈಲಲ್ಲಿ ಬರುವವರು ಮೈಸೂರಲ್ಲಿ ಇಳಿದು ಅಲ್ಲಿಂದ ಬಸ್ಸೋ ಕಾರೋ ಹಿಡಿಯುತ್ತಾರೆ. ವಿಮಾನದಲ್ಲಿ ಬರುವವರಿಗೆ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಇದೆ. ಅಲ್ಲಿಂದ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬರಬಹುದು.

ಪಡುವಣ ದಿಕ್ಕಿಗೆ ಹೋದರೆ ದಿನ ಹೇಗೆ ಸಾಗುತ್ತದೆ?

ಮಡಿಕೇರಿ ಬಿಡುವುದು ಬೆಳಿಗ್ಗೆ ಆರೂವರೆಗೆ. ಮೇಕೇರಿ, ಬೆಟ್ಟಗೇರಿ, ಚೇರಂಬಾಣೆ ದಾಟಿ ಭಾಗಮಂಡಲ ತಲುಪುವಾಗ ಎಂಟರ ಹತ್ತಿರ. ಚೇರಂಬಾಣೆಯ ಆಸುಪಾಸಲ್ಲಿ ಬಿಸಿ ಕಾಫಿ ಸಿಕ್ಕರೆ ಕುಡಿದುಬಿಡಿ, ಸಂಗಮದ ನೀರು ತಣ್ಣಗಿರುತ್ತದೆ.

ಭಾಗಮಂಡಲದಲ್ಲಿ ಸಂಗಮದ ಸ್ನಾನ, ಆಮೇಲೆ ಭಗಂಡೇಶ್ವರನ ದರ್ಶನ. ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ತಲಕಾವೇರಿಗೆ ಎಂಟೇ ಕಿಲೋಮೀಟರ್, ಪೂರ್ತಿ ಏರು. ಒಂಬತ್ತೂವರೆಗೆ ಮೇಲೆ ಇರುತ್ತೀರಿ. ಹತ್ತೂವರೆ ಆಗುತ್ತಿದ್ದ ಹಾಗೆ ಇಳಿಯಲೇಬೇಕು. ನಾಪೋಕ್ಲು ದಾರಿಯಾಗಿ ಕಕ್ಕಬ್ಬೆ ಸೇರಿ, ಪಾಡಿ ಇಗ್ಗುತಪ್ಪನ ಗುಡಿ ತಲುಪುವಾಗ ಹನ್ನೆರಡು. ದರ್ಶನ, ಅಲ್ಲೇ ಪ್ರಸಾದದ ಊಟ. ವಾಪಸ್ ಬರುವಾಗ ಸಮಯ ಉಳಿದಿದ್ದರೆ ನಾಲ್ಕನೆಯದಾಗಿ ಮೂರ್ನಾಡಿನ ಹತ್ತಿರದ ಬಲಮುರಿ. ಅದು ಬೇಡವಾದರೆ ಸಂಜೆ ಐದರ ಮೇಲೆ ಮಡಿಕೇರಿಯ ಓಂಕಾರೇಶ್ವರ.

ಇದರಲ್ಲಿ ಸಡಿಲ ಇರುವುದು ಮಧ್ಯಾಹ್ನದ ಮೇಲೆ ಮಾತ್ರ. ಬೆಳಿಗ್ಗೆ ಅರ್ಧ ಗಂಟೆ ತಡವಾದರೆ ಇಗ್ಗುತಪ್ಪ ತಪ್ಪಿದ ಹಾಗೆಯೇ. ವಿಶೇಷ ಪೂಜೆಯ ದಿನ ಸಮಯ ಬದಲಾಗುತ್ತದೆ, ಹಿಂದಿನ ದಿನವೇ ದೇವಸ್ಥಾನಕ್ಕೆ ಫೋನ್ ಮಾಡಿ ಕೇಳಿಕೊಳ್ಳಿ.

ಮೊದಲು ಭಾಗಮಂಡಲವಾ, ತಲಕಾವೇರಿಯಾ?

ಭಾಗಮಂಡಲ. ಸಂಗಮದಲ್ಲಿ ಮಿಂದು ಭಗಂಡೇಶ್ವರನಿಗೆ ಕೈಮುಗಿದು ಆಮೇಲೆ ಮೇಲೆ ಹತ್ತುವುದು ಹಿಂದಿನಿಂದ ಬಂದ ರೂಢಿ.

ಇಲ್ಲಿ ಕಾವೇರಿಗೆ ಕನ್ನಿಕೆ ಹೊಳೆ ಸೇರುತ್ತದೆ. ಮೂರನೆಯವಳು ಸುಜ್ಯೋತಿ, ಅವಳು ಕಣ್ಣಿಗೆ ಕಾಣುವುದಿಲ್ಲ, ನೆಲದೊಳಗೆ ಹರಿಯುತ್ತಾಳೆ ಅಂತ ನಂಬಿಕೆ. ಅದಕ್ಕೇ ತ್ರಿವೇಣಿ ಸಂಗಮ. ಒಬ್ಬ ಹುಡುಗ "ಮೂರನೇದು ಎಲ್ಲಿ?" ಅಂತ ನೀರಿನ ಸುತ್ತ ಹುಡುಕಿ ಹುಡುಕಿ ಸುಸ್ತಾಗಿದ್ದ. ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಭಗಂಡೇಶ್ವರ ಗುಡಿ ಕೇರಳದ ಮಾದರಿಯದು. ಇಳಿಜಾರು ಮಾಡು, ನಡುವೆ ಅಂಗಳ, ಮರದ ಕೆತ್ತನೆ. ಒಳಗೆ ಹೋಗಿ ನೇರ ಸಾಲಿಗೆ ನಿಲ್ಲುವ ಬದಲು ಒಂದು ನಿಮಿಷ ತಲೆ ಎತ್ತಿ ಮಾಡಿನ ಕೆಳಗಿನ ಮರದ ಕೆಲಸ ನೋಡಿ. ಸುಬ್ರಹ್ಮಣ್ಯ, ವಿಷ್ಣು, ಗಣಪತಿಯ ಗುಡಿಗಳೂ ಅದೇ ಆವರಣದಲ್ಲಿವೆ.

ತಲಕಾವೇರಿಯಲ್ಲಿ ದೊಡ್ಡ ನದಿ ಕಾಣುತ್ತದಾ?

ಇಲ್ಲ! ಈ ಪ್ರಶ್ನೆಯನ್ನು ಬಹಳ ಜನ ಬಾಯಿಬಿಟ್ಟು ಕೇಳುವುದಿಲ್ಲ, ಅಲ್ಲಿ ಹೋಗಿ ಪೆಚ್ಚಾಗುತ್ತಾರೆ. "ಇಷ್ಟೇನಾ?" ಅಂತ ನನ್ನ ಮುಂದೆಯೇ ಅಂದವರಿದ್ದಾರೆ.

ಅಲ್ಲಿರುವುದು ಕಲ್ಲು ಕಟ್ಟಿದ ಒಂದು ಪುಟ್ಟ ಚೌಕ. ಅದೇ ಬ್ರಹ್ಮ ಕುಂಡಿಕೆ. ನಮ್ಮ ಅಡುಗೆಮನೆಯ ಒಲೆಕಟ್ಟೆಗಿಂತ ದೊಡ್ಡದಿಲ್ಲ. ಸುತ್ತ ಕುಂಕುಮ, ಹೂವು. ಪಕ್ಕದಲ್ಲಿ ಕೂತ ಅರ್ಚಕರು ತಂಬಿಗೆಯಲ್ಲಿ ನೀರು ಮೊಗೆದು ಕೈಗೆ ಹಾಕುತ್ತಾರೆ. ಅಂಗೈ ಬಗ್ಗಿಸಿ ಹಿಡಿಯಬೇಕು, ನೀರು ಬೆರಳ ಸಂದಿಯಿಂದ ಸೋರಿ ಮೊಣಕೈವರೆಗೂ ಇಳಿಯುತ್ತದೆ. ಬೆಳಗಿನ ಹೊತ್ತು ಆ ತಣ್ಣಗೆ ಬೆನ್ನುಹುರಿಗೇ ತಾಗುತ್ತದೆ. ಕುಂಡಿಕೆಯ ಮುಂದೆ ದೊಡ್ಡ ಕೊಳ. ಮೇಲೆ ಅಗಸ್ತ್ಯೇಶ್ವರ ಮತ್ತು ಗಣಪತಿಯ ಗುಡಿ.

ಇಲ್ಲಿ ಹುಟ್ಟಿದ ನೀರು ಸುಮಾರು 800 ಕಿಲೋಮೀಟರ್ ಹರಿದು ತಮಿಳುನಾಡು ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ಮಂಡ್ಯದ ಗದ್ದೆ, ಬೆಂಗಳೂರಿನ ನಲ್ಲಿ, ತಂಜಾವೂರಿನ ಭತ್ತ ಎಲ್ಲದರ ತಾಯಿಬೇರು ಈ ಚೌಕ. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ನೋಡಿದವರು "ಇಷ್ಟೇನಾ" ಅನ್ನುವುದಿಲ್ಲ.

ಕತೆ ಗೊತ್ತಲ್ವಾ? ಕವೇರ ಮುನಿಯ ಸಾಕುಮಗಳನ್ನು ಅಗಸ್ತ್ಯರು ಮದುವೆಯಾದರು. ಅವಳನ್ನು ಒಂಟಿಯಾಗಿ ಬಿಟ್ಟುಹೋಗಬಾರದು ಅಂತ ಮಾತಾಗಿತ್ತು. ಒಂದು ದಿನ ಕಮಂಡಲದಲ್ಲಿ ನೀರಾಗಿ ಇರಿಸಿ ಅವರು ಸ್ನಾನಕ್ಕೆ ಹೋದರು. ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸಿದ. ಅವಳು ಹರಿದೇಬಿಟ್ಟಳು.

ಬ್ರಹ್ಮಗಿರಿ ಬೆಟ್ಟ ಹತ್ತಲು ಬಿಡುತ್ತಾರಾ?

ಕುಂಡಿಕೆಯ ಪಕ್ಕದಿಂದ ಮೆಟ್ಟಿಲುಗಳಿವೆ. ಆದರೆ ಕೆಲವೊಮ್ಮೆ ಬಿಡುತ್ತಾರೆ, ಕೆಲವೊಮ್ಮೆ ಬಿಡುವುದಿಲ್ಲ. ಅಲ್ಲೇ ಕೇಳಿ, ಬೇಡ ಅಂದರೆ ವಾದ ಮಾಡಬೇಡಿ. 2020ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡ ಕುಸಿದು ದೇವಸ್ಥಾನದ ಅರ್ಚಕರ ಮನೆಯೇ ಮಣ್ಣಿನಡಿ ಹೋಯಿತು. ಆ ವಾರ ಇಡೀ ಕೊಡಗು ಉಸಿರು ಹಿಡಿದು ಕೂತಿತ್ತು. ಬೆಟ್ಟದ ವಿಷಯದಲ್ಲಿ ಇಲ್ಲಿಯವರು ಹುಷಾರಾಗಿರುವುದು ಸುಮ್ನೆ ಅಲ್ಲ.

ತುಲಾ ಸಂಕ್ರಮಣಕ್ಕೇ ಬರಬೇಕಾ?

ಅಕ್ಟೋಬರ್ 17ರ ಆಸುಪಾಸಿನಲ್ಲಿ ಸೂರ್ಯ ತುಲಾ ರಾಶಿಗೆ ಬರುವ ಹೊತ್ತಿಗೆ ಕುಂಡಿಕೆಯಲ್ಲಿ ತೀರ್ಥ ಉಕ್ಕುತ್ತದೆ. ಇದೇ ತೀರ್ಥೋದ್ಭವ. ಗಳಿಗೆ ಪ್ರತಿ ವರ್ಷ ಬೇರೆ. ಒಂದು ವರ್ಷ ನಡುರಾತ್ರಿ, ಇನ್ನೊಂದು ವರ್ಷ ಮಟಮಟ ಮಧ್ಯಾಹ್ನ. ಪಂಚಾಂಗ ನೋಡಿ ಮೊದಲೇ ತಿಳಿಸುತ್ತಾರೆ.

ಒಮ್ಮೆಯಾದರೂ ನೋಡಬೇಕಾದದ್ದೇ. ಆದರೆ ಖಾಸಗಿ ಕಾರು ಮಾಡಿಕೊಂಡು ಆರಾಮವಾಗಿ ಹೋಗಿ ಬರುವ ದಿನ ಅದಲ್ಲ. ಆ ದಿನ ಸಾಮಾನ್ಯವಾಗಿ ಕಾರುಗಳನ್ನು ಭಾಗಮಂಡಲದಲ್ಲೇ ನಿಲ್ಲಿಸಿ, ಮೇಲಕ್ಕೆ ಸರ್ಕಾರಿ ಬಸ್ಸಲ್ಲಿ ಕಳಿಸುತ್ತಾರೆ. ನೂಕುನುಗ್ಗಲು ವಿಪರೀತ. ವಯಸ್ಸಾದವರನ್ನು ಕರೆತರುವವರು ಒಂದು ವಾರ ಬಿಟ್ಟು ಬನ್ನಿ. ಜಾತ್ರೆಯ ಸಡಗರ ಒಂದು ತಿಂಗಳು ಇರುತ್ತದೆ, ಆಗಲೂ ಬಂದು ಮುಳುಗು ಹಾಕುವವರು ತುಂಬ ಮಂದಿ.

ನಮ್ಮ ಪಕ್ಕದ ಕೊಡವರ ಮನೆಯಲ್ಲಿ ಮಾರನೇ ಬೆಳಿಗ್ಗೆ ಕಣಿ ಪೂಜೆ ನಡೆಯುತ್ತದೆ. ಒಂದು ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಮನೆಯ ಒಡವೆ ತೊಡಿಸಿ, ಅದನ್ನೇ ಕಾವೇರಮ್ಮ ಅಂತ ಕೂರಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಈಗ ಆ ಪೂಜೆಗೆ ನಾನೇ ಹೂ ಕೊಯ್ದು ಕೊಡುತ್ತೇನೆ.

ಇಗ್ಗುತಪ್ಪ ಯಾರು? ನಮ್ಮ ಕಡೆ ಈ ಹೆಸರು ಕೇಳಿಲ್ಲ.

ಕೊಡಗಿನವರಿಗೆ ಮಳೆ ಬೆಳೆ ಕೊಡುವ ದೇವರು. ಮಳೆ ಬಾರದಿದ್ದರೂ ಇಲ್ಲಿಗೇ ಹೋಗುತ್ತಾರೆ, ಜಾಸ್ತಿಯಾದರೂ ಇಲ್ಲಿಗೇ. ಹೊಸ ಅಕ್ಕಿಯ ಹಬ್ಬ ಪುತ್ತರಿ ಯಾವ ದಿನ, ಕದಿರು ತೆಗೆಯುವುದು ಎಷ್ಟು ಗಂಟೆಗೆ ಅಂತ ನಿಶ್ಚಯ ಆಗುವುದು ಪಾಡಿಯಲ್ಲೇ. ಆ ಸುದ್ದಿ ಹೊರಗೆ ಬರುವ ತನಕ ಇಲ್ಲಿ ಯಾರೂ ಹಬ್ಬಕ್ಕೆ ರಜೆ ಹಾಕುವ ಮಾತೆತ್ತುವುದಿಲ್ಲ.

ಹಿರಿಯರು ಹೇಳುವ ಕತೆಯಲ್ಲಿ ಏಳು ಮಂದಿ ಒಡಹುಟ್ಟಿದವರು ಮಲೆಯಾಳದ ಕಡಲ ತೀರದಿಂದ ಬರುತ್ತಾರೆ. ಕೆಲವರು ಕೆಳಗೆ ಕೇರಳದಲ್ಲೇ ನೆಲೆ ನಿಂತರು. ಇಗ್ಗುತಪ್ಪ ಪಾಡಿಗೆ, ಪಾಲೂರಪ್ಪ ಪಾಲೂರಿಗೆ, ಪೆಮ್ಮಯ್ಯ ತಿರುನೆಲ್ಲಿಗೆ, ತಂಗಿ ತಂಗಮ್ಮ ಪೊನ್ನಂಗಾಲಕ್ಕೆ. ಅದಕ್ಕೇ ಇಲ್ಲಿಯ ಮನೆಗಳಿಗೆ ಗಡಿಯಾಚೆಯ ಗುಡಿಗಳೂ ನಂಟರ ಮನೆಯ ಹಾಗೆ. ಕಣ್ಣೂರು ಜಿಲ್ಲೆಯ ಪಯ್ಯಾವೂರು ಶಿವನ ಉತ್ಸವಕ್ಕೆ ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಹೋಗುವ ಪದ್ಧತಿ ಇವತ್ತಿಗೂ ಇದೆ.

ಇಲ್ಲಿಯ ಮುಖ್ಯ ಹರಕೆ ತುಲಾಭಾರ. ತಕ್ಕಡಿಯ ಒಂದು ಕಡೆ ಹರಕೆ ಹೊತ್ತವರು, ಇನ್ನೊಂದು ಕಡೆ ಅಕ್ಕಿ. ಮಾಡಿಸುವುದಿದ್ದರೆ ಮೊದಲೇ ತಿಳಿಸಿ. ಮಾರ್ಚ್‌ನಲ್ಲಿ ಕಲಾಡ್ಚ ಹಬ್ಬ ಬರುತ್ತದೆ, ಆಗ ಜನ ತುಂಬ.

ಕಾರು ಬಾಡಿಗೆಗೆ ಹಿಡಿಯುವಾಗ ಏನೇನು ಕೇಳಬೇಕು?

ಇದೊಂದಕ್ಕೆ ಉದ್ದ ಉತ್ತರ ಬೇಕು, ಯಾಕೆಂದರೆ ಯಾತ್ರೆಯ ದಿನ ಮನಸ್ತಾಪ ಆಗುವುದು ಇಲ್ಲೇ.

ಮೊದಲು, ಹಳದಿ ಬೋರ್ಡ್ ಕಾರಾ ಅಂತ ಕೇಳಿ. ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ನನ್ನ ತವರಿನವರು ಒಮ್ಮೆ ಒಬ್ಬ ಏಜೆಂಟರ ಮೂಲಕ ತಿರುನೆಲ್ಲಿಗೆ ಕಾರು ಹೇಳಿದ್ದರು. ಬಂದದ್ದು ಬಿಳಿ ಬೋರ್ಡ್. "ಏನೂ ಆಗಲ್ಲ, ನೆಂಟರು ಅಂತ ಹೇಳಿ" ಅಂದನಂತೆ. ಗಡಿಯ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರು. ಡ್ರೈವರ್ ಹೆಸರೇನು ಅಂತ ಕೇಳಿದ್ದಕ್ಕೆ ನಮ್ಮ ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ನೆಂಟನ ಹೆಸರು ಗೊತ್ತಿಲ್ಲದಿದ್ದರೆ ಹೇಗೆ? ಎರಡು ಗಂಟೆ ಬಿಸಿಲಲ್ಲಿ ನಿಂತು ವಾಪಸ್ ಬಂದರು.

ಎರಡನೆಯದು ಲೆಕ್ಕ. ಮಡಿಕೇರಿಯ ಸ್ಟ್ಯಾಂಡಿನ ಕಾರುಗಳು ಸಾಮಾನ್ಯವಾಗಿ ದಿನಕ್ಕೆ ಇಷ್ಟು ಅಂತ ಒಟ್ಟು ಮಾತಾಡುತ್ತವೆ. ಮೈಸೂರು, ಬೆಂಗಳೂರಿನ ಕಾರುಗಳದು ಕಿಲೋಮೀಟರ್ ಲೆಕ್ಕ. ಅದರಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಇರುತ್ತದೆ, ಬಹಳ ಕಡೆ 250 ಇಲ್ಲವೇ 300. ನೀವು 180 ಓಡಿದರೂ ಅಷ್ಟಕ್ಕೆ ಕೊಡಬೇಕು. ಮೀಟರ್ ಶುರುವಾಗುವುದು ನಿಮ್ಮ ಮನೆ ಬಾಗಿಲಿಂದಲಾ ಅವರ ಗ್ಯಾರೇಜಿಂದಲಾ, ಇದನ್ನೂ ಕೇಳಿ. ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಒಳಗೆ ಸೇರಿದೆಯಾ ಹೊರಗಾ ಅಂತ ಕೇಳಿ. ಮಾತಾದದ್ದನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಕಳಿಸಿ. ಜಗಳ ಮಾಡಲು ಅಲ್ಲ, ಮರೆಯದಿರಲು.

ಮೂರನೆಯದು, ಹೋಗುವ ಜಾಗಗಳ ಹೆಸರನ್ನು ಮೊದಲೇ ಹೇಳಿ. "ತಲಕಾವೇರಿ" ಅಂತ ಮಾತಾಡಿ, ದಾರಿಯಲ್ಲಿ "ಹಾಗೇ ಇಗ್ಗುತಪ್ಪಕ್ಕೂ ಬಿಡಿ" ಅಂದರೆ ಅವರಿಗೂ ಕಷ್ಟ. ಪಾಡಿ ಏನು ಪಕ್ಕದ ಬೀದಿಯಲ್ಲ.

ಇಲ್ಲಿಯ ಡ್ರೈವರ್ ಸಿಕ್ಕರೆ ಅವರನ್ನೇ ಹಿಡಿಯಿರಿ ಅನ್ನುವುದು ನನ್ನ ಮಾತು. ಮಂಜಲ್ಲಿ ಬಿಳಿ ಗೆರೆ ಕಾಣದಿದ್ದರೂ ತಿರುವು ಎಲ್ಲಿದೆ ಅಂತ ಅವರಿಗೆ ಗೊತ್ತು. ಯಾವ ಗುಡಿಯಲ್ಲಿ ಇವತ್ತು ವಿಶೇಷ, ಎಲ್ಲಿ ಮರ ಬಿದ್ದಿದೆ ಅನ್ನುವ ಸುದ್ದಿಯೂ ಅವರಿಗೇ ಮೊದಲು ಬರುತ್ತದೆ. ಊಟದ ಹೊತ್ತಿಗೆ ಅವರನ್ನೂ ಕರೆಯಿರಿ.

ನಮ್ಮ ಸ್ವಂತ ಕಾರಲ್ಲಿ ಹೋಗಬಹುದಾ?

ಧಾರಾಳವಾಗಿ. ಘಾಟಿ ಓಡಿಸಿ ರೂಢಿ ಇರಬೇಕು ಅಷ್ಟೇ. ಇಳಿಯುವಾಗ ನ್ಯೂಟ್ರಲ್ ಬೇಡ, ಗೇರಲ್ಲೇ ಇಳಿಯಿರಿ. ಏರಿ ಬರುವ ಗಾಡಿಗೆ ದಾರಿ ಬಿಡಿ. ಪೆಟ್ರೋಲನ್ನು ಮಡಿಕೇರಿಯಲ್ಲೇ ತುಂಬಿಸಿ.

ಮಳೆಗಾಲದಲ್ಲಿ ಬರಬಹುದಾ?

ಜೂನ್‌ನಿಂದ ಸೆಪ್ಟೆಂಬರ್ ನಡುವೆ ತೀರ್ಥಯಾತ್ರೆ ಬೇಡ ಅಂತಲೇ ನಾನು ಹೇಳುವುದು. ಹೋಮ್‌ಸ್ಟೇ ಇಟ್ಟುಕೊಂಡು ಹೀಗೆ ಹೇಳುತ್ತಾಳಲ್ಲ ಅಂತ ಮನೆಯವರು ಬೈಯುತ್ತಾರೆ. ಆದರೆ ಭಾಗಮಂಡಲದ ಮಳೆ ಕೊಡೆಗೆ ಬಗ್ಗುವ ಮಳೆಯಲ್ಲ. ಸಂಗಮ ತುಂಬಿ ರಸ್ತೆಗೇ ನೀರು ಬರುತ್ತಿತ್ತು. ಈಗ ಮೇಲ್ಸೇತುವೆ ಕಟ್ಟಿದ್ದಾರೆ, ಊರು ದಾಟಲು ತೊಂದರೆ ಕಡಿಮೆಯಾಗಿದೆ. ಆದರೆ ಸಂಗಮದಲ್ಲಿ ಸ್ನಾನ ಆಗದು, ಮೇಲೆ ಮಂಜಿನಲ್ಲಿ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡವರು ನಾವು. ರೆಡ್ ಅಲರ್ಟ್ ಅಂದರೆ ಮನೆಯಲ್ಲೇ ಇರಿ.

ಒಳ್ಳೆಯ ಸಮಯ ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ. ಡಿಸೆಂಬರ್ ಕೊನೆಯ ವಾರ ಮತ್ತು ಉದ್ದ ರಜೆಗಳಲ್ಲಿ ಮಡಿಕೇರಿಯೊಳಗೆ ಕಾರು ಉರುಳುವುದಿಲ್ಲ, ತೆವಳುತ್ತದೆ. ವಾರದ ನಡುವೆ ಬನ್ನಿ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದರೆ ದಾರಿಯುದ್ದಕ್ಕೂ ಕಾಫಿ ಹೂವಿನ ವಾಸನೆ.

ತೆಂಕಣ ದಿಕ್ಕಿನಲ್ಲಿ ಏನಿದೆ?

ಇರ್ಪು. ವಿರಾಜಪೇಟೆಯಿಂದ ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ ದಾಟಿ ಹೋಗಬೇಕು. ಮಡಿಕೇರಿಯಿಂದ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಗದ್ದೆಗಳ ನಡುವೆ ರಾಮೇಶ್ವರನ ಗುಡಿ, ಹಿಂದೆ ಕಾಡು, ಕಾಡಿನೊಳಗೆ ಜಲಪಾತ. ಸೀತೆಯನ್ನು ಹುಡುಕುತ್ತಾ ಬಂದಾಗ ಅಣ್ಣನ ಬಾಯಾರಿಕೆಗೆ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟ, ನೀರು ಚಿಮ್ಮಿತು, ಅದೇ ಲಕ್ಷ್ಮಣತೀರ್ಥ ನದಿ ಅನ್ನುತ್ತಾರೆ. ಶಿವರಾತ್ರಿಗೆ ಇಲ್ಲಿ ಮೀಯಲು ಸಾಲುಗಟ್ಟಿ ಜನ ಬರುತ್ತಾರೆ. ಮಳೆ ಬಿಟ್ಟ ಹೊಸದರಲ್ಲಿ ಜಿಗಣೆ ಇರುತ್ತದೆ. ಉಪ್ಪು ಅಥವಾ ನಶ್ಯಪುಡಿ ಜೇಬಲ್ಲಿರಲಿ, ಕಿರುಚಬೇಡಿ.

ಇಲ್ಲೊಂದು ಗೊಂದಲ. ಇರ್ಪುವಿನ ಹಿಂದಿನ ಬೆಟ್ಟಸಾಲಿಗೂ ಬ್ರಹ್ಮಗಿರಿ ಅಂತಲೇ ಹೆಸರು. ತಲಕಾವೇರಿಯ ಬ್ರಹ್ಮಗಿರಿ ಬೇರೆ, ಇದು ಬೇರೆ. ಸುಮ್ನೆ "ಬ್ರಹ್ಮಗಿರಿಗೆ ಬಿಡಿ" ಅಂತ ಡ್ರೈವರಿಗೆ ಹೇಳಿದರೆ ಜಿಲ್ಲೆಯ ಯಾವ ತುದಿಗಾದರೂ ಹೋಗಿಬಿಡಬಹುದು.

ಇದೇ ಬೆಟ್ಟದ ಆಚೆ ಮಗ್ಗುಲಲ್ಲಿ ತಿರುನೆಲ್ಲಿ, ಕೇರಳದ ವಯನಾಡಿನಲ್ಲಿ. ಕುಟ್ಟ ದಾಟಿ ತೋಲ್ಪೆಟ್ಟಿಯ ಕಾಡಿನ ದಾರಿ. ವಿಷ್ಣುವಿನ ಗುಡಿ, ಹಿಂದೆ ಸ್ವಲ್ಪ ದೂರದಲ್ಲಿ ಪಾಪನಾಶಿನಿ ತೊರೆ. ತೀರಿಕೊಂಡವರಿಗೆ ಪಿಂಡ ಬಿಡಲು ಕೊಡಗಿನವರೂ ಇಲ್ಲಿಗೆ ಹೋಗುತ್ತಾರೆ. ಬಾಡಿಗೆ ಕಾರಿಗೆ ಆಲ್ ಇಂಡಿಯಾ ಪರ್ಮಿಟ್ ಇಲ್ಲದಿದ್ದರೆ ಕೇರಳದ ಪರ್ಮಿಟ್ ಕಟ್ಟಬೇಕು. ಆ ಖರ್ಚು ಯಾರದು ಅಂತ ಮೊದಲೇ ಮಾತಾಡಿ.

ಸಂಜೆಯೊಳಗೆ ಕಾಡು ದಾಟಿಬಿಡಿ. ಆನೆ ರಸ್ತೆಗೆ ಬರುವುದು ಇಲ್ಲಿ ಸುದ್ದಿಯೇ ಅಲ್ಲ. ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಹೊಡೆಯಬೇಡಿ, ಇಳಿದು ಫೋಟೋ ತೆಗೆಯಬೇಡಿ. ಕುಟ್ಟದಿಂದ ನಾಗರಹೊಳೆ ಮೂಲಕ ಮೈಸೂರಿಗೆ ಹೋಗುವ ದಾರಿಗೆ ಸಂಜೆ ಗೇಟು ಹಾಕುತ್ತಾರೆ. ತಡವಾದರೆ ಗೋಣಿಕೊಪ್ಪದ ಮೇಲೆಯೇ ಬರಬೇಕು.

ಬಲಮುರಿ ಅಂತ ಹಾಕಿದರೆ ಮ್ಯಾಪ್ ಶ್ರೀರಂಗಪಟ್ಟಣ ತೋರಿಸುತ್ತಿದೆಯಲ್ಲ?

ಅದು ಬೇರೆ ಬಲಮುರಿ. ನಮ್ಮದು ಮೂರ್ನಾಡಿನ ಹತ್ತಿರ, ಹೊಳೆ ದಂಡೆಯಲ್ಲಿ. ಕಾವೇರಿ ಇಲ್ಲಿ ಬಲಕ್ಕೆ ಮುರಿದು ಹರಿದಳು ಅನ್ನುವುದರಿಂದ ಆ ಹೆಸರು. ಅವಳನ್ನು ತಡೆಯಲು ಜನ ಅಡ್ಡ ನಿಂತರಂತೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು. ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಸಿಕ್ಕಿಸುವುದು ಆ ನೆನಪಿಗೆ ಅನ್ನುತ್ತಾರೆ.

ಓಂಕಾರೇಶ್ವರ ದೇವಸ್ಥಾನ ಮಸೀದಿಯ ಹಾಗೆ ಕಾಣುತ್ತದಲ್ಲ, ಯಾಕೆ?

1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಆ ಕಾಲದ ರಾಜರಿಗೆ ಇಷ್ಟವಾದ ಶೈಲಿ. ಒಬ್ಬ ಬಡ ಬ್ರಾಹ್ಮಣನನ್ನು ಕೊಲ್ಲಿಸಿದ ರಾಜನಿಗೆ ಬ್ರಹ್ಮರಾಕ್ಷಸನ ಕಾಟ ಹಿಡಿಯಿತು, ಬಿಡುಗಡೆಗೆ ಕಾಶಿಯಿಂದ ಲಿಂಗ ತರಿಸಿದ ಅನ್ನುವುದು ಸ್ಥಳದ ಕತೆ. ಮುಂದಿನ ಕೆರೆಯ ನಡುವೆ ಮಂಟಪ ಇದೆ. ಮೆಟ್ಟಿಲಲ್ಲಿ ಕೂತು ಮೀನು ನೋಡುವುದು ಮಡಿಕೇರಿಯ ಮಕ್ಕಳ ಹಳೆಯ ಆಟ. ದಿನ ಮುಗಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬೇರೆ ಧರ್ಮದ ಕ್ಷೇತ್ರಗಳೂ ಇವೆಯಾ?

ಇವೆ. ಎಲ್ಲರೂ ಕೇಳುವುದು ಗೋಲ್ಡನ್ ಟೆಂಪಲ್. ಅದು ಲೆಕ್ಕದಲ್ಲಿ ಕೊಡಗೇ ಅಲ್ಲ! ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಬೈಲುಕುಪ್ಪೆ ಅಲ್ಲಿದೆ. ಗೋಲ್ಡನ್ ಟೆಂಪಲ್ ಇರುವ ಟಿಬೆಟಿನವರ ನಾಮ್‌ಡ್ರೋಲಿಂಗ್ ಮಠ 1963ರಲ್ಲಿ ಶುರುವಾದದ್ದು. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂವರ ಎತ್ತರದ ಚಿನ್ನದ ಬಣ್ಣದ ಮೂರ್ತಿಗಳು. ನಡುವಿನ ಬುದ್ಧನ ಎತ್ತರ 60 ಅಡಿ. ಸನ್ಯಾಸಿಗಳು ಪ್ರಾರ್ಥನೆಗೆ ಕೂತಿದ್ದರೆ ಹಿಂದೆ ಸುಮ್ಮನೆ ಕೂತು ಕೇಳಿ. ಅದು ಅವರ ಮನೆ, ನಮ್ಮ ಸೆಲ್ಫಿ ಜಾಗ ಅಲ್ಲ. ಮೈಸೂರಿಗೆ ಮರಳುವ ದಾರಿಯಲ್ಲೇ ಸಿಗುವುದರಿಂದ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ.

ನಾಪೋಕ್ಲು ಹತ್ತಿರ ಎಮ್ಮೆಮಾಡು ದರ್ಗಾ ಇದೆ. ಉರೂಸ್‌ಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು 1792ರಿಂದ ಇದೆ.

ಹಳ್ಳಿಗಳ ದೇವರಕಾಡಿಗೆ ಹೋಗಬಹುದಾ?

ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಪ್ರತಿ ಊರಿಗೂ ತನ್ನದೊಂದು. ಆದರೆ ಅವು ಪ್ರವಾಸಿ ಜಾಗಗಳಲ್ಲ. ಊರವರು ಜೊತೆಗಿದ್ದು ಕರೆದರೆ ಮಾತ್ರ ಹೋಗಿ, ಚಪ್ಪಲಿ ಬಿಟ್ಟು ಹೋಗಿ, ಒಂದು ಎಲೆಯನ್ನೂ ಕೀಳಬೇಡಿ.

ಪಿಂಡ ಪ್ರದಾನ ಮಾಡಿಸುವುದಿದೆ. ಅದೇ ದಿನ ದರ್ಶನವೂ ಆಗುತ್ತದಾ?

ಭಾಗಮಂಡಲದ ಸಂಗಮದಲ್ಲಿ ಮಾಡಿಸುತ್ತಾರೆ. ಬೆಳಿಗ್ಗೆ ಬೇಗ ತಲುಪಿದರೆ ಮುಗಿಸಿ ತಲಕಾವೇರಿಗೆ ಹೋಗಬಹುದು. ಇಗ್ಗುತಪ್ಪ ಬಿಟ್ಟುಬಿಡಿ. ಗೋತ್ರ, ತೀರಿಕೊಂಡವರ ಹೆಸರು, ತಿಥಿ ಬರೆದುಕೊಂಡು ಬನ್ನಿ. ದುಃಖದಲ್ಲಿ ತಾತನ ಹೆಸರೂ ಮರೆತುಹೋಗುತ್ತದೆ. ಅಮಾವಾಸ್ಯೆಗಳಲ್ಲಿ, ಅದರಲ್ಲೂ ಮಹಾಲಯದಲ್ಲಿ ಜನ ಜಾಸ್ತಿ.

ಒಂದು ವಿನಂತಿ. ಮಿಂದ ಬಟ್ಟೆಯನ್ನು ಹೊಳೆಗೆ ಬಿಡಬೇಡಿ. ಹಾಗೆ ಬಿಟ್ಟ ಸೀರೆ ಕೆಳಗೆ ಬೇರಿಗೆ ಸುತ್ತಿಕೊಂಡು ಕೊಳೆಯುತ್ತದೆ. ನಮ್ಮ ತೋಟದ ಕೆಳಗಿನ ಹೊಳೆಯಲ್ಲಿ ಬೇಸಿಗೆಗೆ ನೀರಿಳಿದಾಗ ಕಾಣುವುದು ಅದೇ.

ಬಟ್ಟೆ ಹೇಗಿರಬೇಕು?

ಗಂಡಸರು ಒಂದು ಪಂಚೆ, ಶಲ್ಯ ಚೀಲದಲ್ಲಿ ಇಟ್ಟುಕೊಂಡಿರಿ. ಕೆಲವು ಕಡೆ ಅಂಗಿ ತೆಗೆಯಲು ಹೇಳುತ್ತಾರೆ. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ್. ಚಡ್ಡಿಯಲ್ಲಿ ಬಂದು ಬಾಗಿಲಲ್ಲಿ ಬೈಸಿಕೊಳ್ಳಬೇಡಿ. ಸಂಗಮದ ಸ್ನಾನಕ್ಕೆ ಬೇರೆ ಜೊತೆ ಬಟ್ಟೆ, ಟವೆಲ್. ಬೆಳಿಗ್ಗೆ ಸ್ವೆಟರ್ ಬೇಕೇ ಬೇಕು, ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಗರ್ಭಗುಡಿ ಕಡೆ ಮೊಬೈಲ್ ಹೊರತೆಗೆಯಬೇಡಿ.

ಮೊಣಕಾಲು ನೋವಿರುವ ಅಮ್ಮನನ್ನು ಕರೆತರಬಹುದಾ?

ಭಾಗಮಂಡಲ ಸುಲಭ, ಗುಡಿ ರಸ್ತೆಯ ಪಕ್ಕದಲ್ಲೇ. ತಲಕಾವೇರಿಯಲ್ಲಿ ಮೆಟ್ಟಿಲು ಹತ್ತಬೇಕು. ನಿಧಾನವಾಗಿ, ಕೈ ಹಿಡಿದು. ಮೆಟ್ಟಿಲು ಒದ್ದೆಯಿದ್ದರೆ ಜಾರುತ್ತದೆ, ಬರಿಗಾಲಿಗೆ ತಣ್ಣಗೂ ಇರುತ್ತದೆ. ಘಾಟಿಯಲ್ಲಿ ವಾಂತಿಯಾಗುವವರನ್ನು ಮುಂದಿನ ಸೀಟಿಗೆ ಕೂರಿಸಿ. ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಒಂದು ನಿಂಬೆಹಣ್ಣು ಕೈಯಲ್ಲಿರಲಿ.

ಊಟ, ಶೌಚಾಲಯ, ನೆಟ್‌ವರ್ಕ್?

ಊಟಕ್ಕೆ ಗುಡಿಯ ಪ್ರಸಾದವೇ ಸಾಕು. ಹಂದಿ ಕರಿ, ಕಡಂಬುಟ್ಟು ತಿನ್ನುವ ಆಸೆ ಇದ್ದರೆ ದರ್ಶನ ಎಲ್ಲ ಮುಗಿದ ಮೇಲೆ, ರಾತ್ರಿಗೆ. ಶೌಚಾಲಯ ಭಾಗಮಂಡಲದಲ್ಲಿ ಸಿಗುತ್ತದೆ, ಅಲ್ಲೇ ಮುಗಿಸಿಕೊಳ್ಳಿ. ದಾರಿಯಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಯುಪಿಐ ನಂಬಿ ಕೂರಬೇಡಿ, ಚಿಲ್ಲರೆ ನೋಟು ಇಟ್ಟುಕೊಳ್ಳಿ.

ಮನೆಗೆ ಏನು ತರಬೇಕು?

ತೀರ್ಥ. ಅದಕ್ಕೆ ಮನೆಯಿಂದಲೇ ಒಂದು ಬಾಟಲಿ ತನ್ನಿ. ಗಟ್ಟಿ ಮುಚ್ಚಳದ್ದು, ತೊಳೆದು ಒಣಗಿಸಿದ್ದು. ಜ್ಯೂಸ್ ವಾಸನೆ ಇರುವ ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿ ಮನೆಯಲ್ಲಿ ಬೈಸಿಕೊಂಡವರಿದ್ದಾರೆ.

ಇಲ್ಲಿಯ ಮನೆಗಳಲ್ಲಿ ಕಾವೇರಿ ತೀರ್ಥ ಯಾವಾಗಲೂ ಇರುತ್ತದೆ. ನಮ್ಮ ಅತ್ತೆ ಒಂದು ಹಿತ್ತಾಳೆ ಗಿಂಡಿಯಲ್ಲಿ ಇಟ್ಟಿದ್ದರು, ಬಾಯಿಗೆ ಮೇಣ ಮೆತ್ತಿ. ಕೊನೆಯ ಹೊತ್ತಿಗೆ ಬಾಯಿಗೆ ಬಿಡಲು. ಅವರಿಗೆ ಬಿಡುವಾಗ ನನ್ನ ಕೈ ನಡುಗಿ ಮೇಣ ಬಿಡಿಸಲು ಆಗಲಿಲ್ಲ, ಮೈದುನ ಚಾಕುವಿನ ತುದಿಯಿಂದ ಬಿಡಿಸಿ ಕೊಟ್ಟರು. ಗಿಂಡಿ ಈಗ ನನ್ನ ದೇವರ ಮೂಲೆಯಲ್ಲಿದೆ. ವರ್ಷಕ್ಕೊಮ್ಮೆ, ಸಂಕ್ರಮಣ ಕಳೆದು ಜನ ಕಡಿಮೆಯಾದ ಮೇಲೆ, ನಾವೂ ಬೆಳಿಗ್ಗೆ ಆರೂವರೆಗೆ ಹೊರಟು ತುಂಬಿಸಿಕೊಂಡು ಬರುತ್ತೇವೆ.